ಬಿ ಟೀಮಿಗೆ ಹಾಕಿದ್ದೇ ಒಳ್ಳೇದಾಯ್ತು: ಮಗನ ಫುಟ್ಬಾಲ್ ಕೋಚಿಂಗ್, ಒಂದೂವರೆ ವರ್ಷದ ಮೇಲೆ

ದಾವಣಗೆರೆಯಲ್ಲಿ ಹುಡುಗರಿಗೆ ಫುಟ್ಬಾಲ್ ಕೋಚಿಂಗ್ ಎಲ್ಲಿ ಚೆನ್ನಾಗಿದೆ ಅಂತ ಅಂಗಡಿಗೆ ಬರುವ ಗಿರಾಕಿಗಳಲ್ಲಿ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ನನ್ನ ಮಗ ಸಂಜೆ ಮೈದಾನದಿಂದ ಸೀದಾ ಅಂಗಡಿಗೇ ಬಂದು, ಕೆಸರು ಶೂ ಬಿಚ್ಚಿ ಕೌಂಟರ್ ಕೆಳಗೆ ತಳ್ಳುತ್ತಾನಲ್ಲ, ಅದನ್ನು ನೋಡಿ ಕೇಳುವುದು. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ. ಅಕಾಡೆಮಿ ಹೆಸರು ಹಾಕಿಲ್ಲ. ಹೊಗಳುವುದೂ ಇದೆ, ಬೈಯುವುದೂ ಇದೆ, ಕೋಚ್ ದಿನಾ ಎದುರಿಗೆ ಸಿಗುತ್ತಾರೆ. ಯಾವುದು ಅಂತ ತಿಳಿಯಲೇಬೇಕು ಅನ್ನುವವರು ಅಂಗಡಿಗೆ ಬನ್ನಿ, ಟೀ ಕುಡಿಯುತ್ತಾ ಮಾತಾಡೋಣ.

ಮೊದಲು ದುಡ್ಡಿನ ಮಾತು. ಸೇರುವಾಗ 2,000 ರೂಪಾಯಿ, ತಿಂಗಳಿಗೆ 1,500, ಜೆರ್ಸಿ ಚಡ್ಡಿ ಸಾಕ್ಸ್ ಎಲ್ಲಾ ಸೇರಿ 1,400. ಶೂ ನಾವೇ ತರಬೇಕು. ವಾರಕ್ಕೆ ನಾಲ್ಕು ದಿನ ಸಂಜೆ ನಾಲ್ಕೂವರೆಯಿಂದ ಆರು ಗಂಟೆ ತನಕ ಪ್ರಾಕ್ಟೀಸ್, ಭಾನುವಾರ ಬೆಳಿಗ್ಗೆ ಆರೂವರೆಗೆ ಮ್ಯಾಚ್. ಊರಾಚೆ ಒಂದು ಶಾಲೆಯ ಮೈದಾನ. ಮಳೆ ಬಂತೆಂದರೆ ಎರೆಮಣ್ಣು ಅಂಟಿಕೊಂಡು ಒಂದೊಂದು ಶೂ ಒಂದೊಂದು ಕೆಜಿ ಆಗುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಸಿಮೆಂಟು.

ನಮ್ಮದು ಫುಟ್ಬಾಲ್ ಊರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹಿಂದೆ ಗರಡಿ, ಆಮೇಲೆ ಕ್ರಿಕೆಟ್. ನಮ್ಮ ವಿನಯ್ ಕುಮಾರ್ ದಾವಣಗೆರೆ ಎಕ್ಸ್‌ಪ್ರೆಸ್ ಅನ್ನಿಸಿಕೊಂಡ ಮೇಲಂತೂ ಗಲ್ಲಿಗೊಬ್ಬ ಫಾಸ್ಟ್ ಬೌಲರ್. ಕಾಟನ್ ಮಿಲ್ಲುಗಳ ಕಾಲದಲ್ಲಿ ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಇಂಗ್ಲೆಂಡಿನ ಆ ಮ್ಯಾಂಚೆಸ್ಟರ್‌ನಲ್ಲಿ ಎರಡು ದೊಡ್ಡ ಫುಟ್ಬಾಲ್ ಕ್ಲಬ್ ಇವೆ, ಈ ಮ್ಯಾಂಚೆಸ್ಟರ್‌ನಲ್ಲಿ ಗೋಲ್ ಪೋಸ್ಟಿಗೆ ನೆಟ್ ಕಟ್ಟಿಸಲು ನಾವು ಪೋಷಕರು ತಲೆಗೆ ನೂರು ರೂಪಾಯಿ ಹಾಕಬೇಕಾಯಿತು. 2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ, ಅಂದರೆ ರಾಜ್ಯ ರಾಜ್ಯಗಳ ನಡುವಿನ ಫುಟ್ಬಾಲ್ ಕಪ್, ಗೆದ್ದಿತು, ಫೈನಲ್ ನಡೆದದ್ದು ಸೌದಿಯ ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3-2. ನಮ್ಮ ಅಂಗಡಿ ಸಾಲಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಕೋಚ್ ಹೇಳಿದ ಮೇಲೇ ಗೊತ್ತಾಗಿದ್ದು.

ಈಗ ಅಸಲು ವಿಷಯ. ಸೇರಿಸಿ ಎರಡು ವಾರಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ಪಟ್ಟಿ ಬಂತು. ಅಂಡರ್ 14ರಲ್ಲಿ ಎ ಟೀಮ್, ಬಿ ಟೀಮ್. ನಮ್ಮವನ ಹೆಸರು ಬಿ ಪಟ್ಟಿಯಲ್ಲಿ, ಅದೂ ಕೊನೆಯಿಂದ ಮೂರನೆಯದು. ಅವನು ಊಟ ಬಿಟ್ಟ. ನಮ್ಮ ಮನೆಯವಳು, "ಫೀಸು ಮಾತ್ರ ಎ ಟೀಮಿನಷ್ಟೇ ತಗೊಂಡ್ರಲ್ಲ" ಅಂದಳು. ಮಾತು ಸರಿ ಅನ್ನಿಸಿತು, ಮಾರನೇ ದಿನ ಅದನ್ನೇ ಹಿಡಿದುಕೊಂಡು ಜಗಳ ಆಡಲು ಹೋದೆ.

ಕೋಚ್ ಸಿಟ್ಟು ಮಾಡಿಕೊಳ್ಳಲಿಲ್ಲ. "ಸರ್, ನಿಮ್ಮ ಹುಡುಗ ಹುಟ್ಟಿದ್ದು ನವೆಂಬರ್ ಅಲ್ವಾ? ಇದನ್ನ ನೋಡ್ರಿ" ಅಂತ ಎ ಟೀಮಿನ ಹುಡುಗರ ಹುಟ್ಟಿದ ತಾರೀಖಿನ ಪಟ್ಟಿ ತೆಗೆದು ತೋರಿಸಿದರು. ಜನವರಿ, ಜನವರಿ, ಫೆಬ್ರವರಿ, ಮಾರ್ಚ್, ಮತ್ತೆ ಜನವರಿ. ಅರ್ಧಕ್ಕಿಂತ ಜಾಸ್ತಿ ಹುಡುಗರು ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು. ವಯಸ್ಸಿನ ಲೆಕ್ಕ ಜನವರಿ ಒಂದರಿಂದ ಹಿಡಿಯುವುದರಿಂದ, ಒಂದೇ ಬ್ಯಾಚಿನಲ್ಲಿ ಹತ್ತು ತಿಂಗಳು ದೊಡ್ಡವನೂ ಇರುತ್ತಾನೆ. ಹದಿಮೂರರಲ್ಲಿ ಹತ್ತು ತಿಂಗಳೆಂದರೆ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬ ಇನ್ನೂ ಅಮ್ಮನ ಸೊಂಟದ ಎತ್ತರ. ಆಮೇಲೆ ಓದಿ ನೋಡಿದೆ, ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ, ಯುರೋಪಿನ ದೊಡ್ಡ ದೊಡ್ಡ ಅಕಾಡೆಮಿಗಳಲ್ಲೂ ಇದೇ ಹಣೆಬರಹ. "ಗೆಲ್ಲೋ ಆಸೆ ನಮಗೂ ಇರುತ್ತಲ್ರೀ, ಕೈ ತಾನಾಗೇ ದೊಡ್ಡ ಹುಡುಗನ ಕಡೆ ಹೋಗುತ್ತೆ. ಅದಕ್ಕೇ ಬಿ ಟೀಮ್ ಇಟ್ಟಿರೋದು" ಅಂದರು. ತನ್ನ ತಪ್ಪನ್ನು ಹೀಗೆ ಬಾಯಿಬಿಟ್ಟು ಒಪ್ಪಿಕೊಂಡ ಕೋಚನ್ನು ನಾನು ಬೇರೆಲ್ಲೂ ನೋಡಿಲ್ಲ. ಸುಮ್ನೆ ವಾಪಸ್ ಬಂದೆ.

ಈ ಬಿ ಟೀಮಿಗೆ ಒಂದೇ ಕಾನೂನು. ಬಂದವರೆಲ್ಲ ಕಡಿಮೆಯೆಂದರೆ ಅರ್ಧ ಮ್ಯಾಚ್ ಆಡಲೇಬೇಕು. ಸೋತರೂ ಸರಿ, ಆರು ಗೋಲು ಬಿದ್ದರೂ ಸರಿ. ಕೋಚ್ ಹತ್ತಿರ ಒಂದು ಲಾಂಗ್ ನೋಟ್‌ಬುಕ್ ಇದೆ, ರಟ್ಟು ಹರಿದು ಬ್ರೌನ್ ಟೇಪ್ ಸುತ್ತಿದ್ದಾರೆ. ಒಬ್ಬೊಬ್ಬ ಹುಡುಗನಿಗೆ ಎರಡು ಪುಟ. ತಾರೀಖು, ಎಷ್ಟು ನಿಮಿಷ ಆಡಿದ, ಯಾವ ಜಾಗದಲ್ಲಿ ಆಡಿದ, ಪಕ್ಕದಲ್ಲಿ ಒಂದೇ ಸಾಲು. ಅಷ್ಟೇ. ಮೂರನೇ ತಿಂಗಳು ನನ್ನ ಮಗನ ಪುಟ ತೋರಿಸಿದರು. ಜೂನ್‌ನಲ್ಲಿ ಬರೆದದ್ದು, "ಬಾಲ್ ಬರೋ ಮುಂಚೆ ಹಿಂದೆ ತಿರುಗಿ ನೋಡಲ್ಲ." ಮುಂದಿನ ವಾರವೂ ಅದೇ, "ನೋಡಲ್ಲ." ಜುಲೈನಲ್ಲಿ, "ಒಂದು ಸಲ ನೋಡಿದ." ಆಗಸ್ಟ್ ಎರಡನೇ ಭಾನುವಾರ, "ನೋಡಿದ, ತಿರುಗಿದ, ಎಡಗಾಲಲ್ಲಿ ಕೊಟ್ಟ. ಶಭಾಷ್." ಶಭಾಷ್ ಅನ್ನುವುದಕ್ಕೆ ಕೆಂಪು ಪೆನ್ನು. ಶಾಲೆಯ ಮಾರ್ಕ್ಸ್ ಕಾರ್ಡ್ ನೋಡಿ ನನಗೆ ಯಾವತ್ತೂ ಅಷ್ಟು ಖುಷಿ ಆಗಿರಲಿಲ್ಲ, ನಿಜ ಹೇಳುತ್ತೇನೆ.

ನಮ್ಮ ಎದುರು ಮನೆ ಹುಡುಗ ಎ ಟೀಮಿನಲ್ಲಿದ್ದ, ಬದಲಿ ಆಟಗಾರ. ಅವರಪ್ಪನ ಮುಖದಲ್ಲಿ ಕಳೆಯೋ ಕಳೆ. ಐದು ತಿಂಗಳ ಲೆಕ್ಕ ನೋಡಿದಾಗ ನನ್ನ ಮಗ ಮ್ಯಾಚಿನಲ್ಲಿ ಆಡಿದ್ದು 610 ನಿಮಿಷ, ಆ ಹುಡುಗ ಆಡಿದ್ದು 70. ಒಳ್ಳೇ ಹುಡುಗ, ಕಾಲಲ್ಲಿ ಕಸುಬಿದೆ, ಆದರೆ ಭಾನುವಾರ ಪೂರ್ತಿ ಬೆಂಚಿನ ಮೇಲೆ ಕೂತು ನೀರಿನ ಬಾಟಲಿ ಕಾಯುತ್ತಿದ್ದ. ದೀಪಾವಳಿ ಆದ ಮೇಲೆ ಅವರಪ್ಪನೇ ಹೋಗಿ ಬಿ ಟೀಮಿಗೆ ಹಾಕಿ ಅಂತ ಕೇಳಿದರು.

ದೊಡ್ಡ ಕ್ಲಬ್ಬುಗಳಲ್ಲೂ ರಿಸರ್ವ್ ಟೀಮ್, ಅಂದರೆ ಅವರ ಬಿ ಟೀಮ್, ಇಡುವುದು ಇದಕ್ಕೇ ಅಂತೆ. ಬೆಂಗಳೂರು ಎಫ್‌ಸಿಯ ಶಿವಶಕ್ತಿ ನಾರಾಯಣನ್ ನೋಡಿ. ತಮಿಳುನಾಡಿನ ಹುಡುಗ, ರಿಸರ್ವ್ ಟೀಮಿನಲ್ಲಿ ಆಡಿ ಮೇಲೆ ಬಂದವನು, 2022ರ ಡ್ಯೂರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿ ಮೇಲೆ ಗೋಲು ಹೊಡೆದ, ಕಪ್ ಬೆಂಗಳೂರಿಗೆ ಬಂತು. ಅದಕ್ಕೂ ಹಿಂದಿನ ಸೀಸನ್‌ನಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಎಮರ್ಜಿಂಗ್ ಪ್ಲೇಯರ್ ಪ್ರಶಸ್ತಿ ತೆಗೆದುಕೊಂಡ ರೋಷನ್ ಸಿಂಗ್ ಕೂಡ ಅದೇ ಕ್ಲಬ್ಬಿನ ಬಿ ಟೀಮಿನಲ್ಲಿ ಪಳಗಿದವನೇ. ಹುಡುಗರಿಗೆ ಆಡಲು ಮ್ಯಾಚೇ ಸಿಗುವುದಿಲ್ಲ ಅಂತಲೇ 2022ರಲ್ಲಿ ಗೋವಾದಲ್ಲಿ ಡೆವಲಪ್‌ಮೆಂಟ್ ಲೀಗ್ ಶುರು ಮಾಡಿದ್ದು. ಮೊದಲ ವರ್ಷ ಗೆದ್ದದ್ದು ಬೆಂಗಳೂರು ಎಫ್‌ಸಿ ಹುಡುಗರೇ, ಆಮೇಲೆ ಇಂಗ್ಲೆಂಡಿಗೂ ಹೋಗಿ ಅಲ್ಲಿನ ಕ್ಲಬ್ಬುಗಳ ಹುಡುಗರ ಜೊತೆ ಆಡಿ ಬಂದರು. 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ಮೇಲೆ ಒಂದೇ ಒಂದು ಗೋಲು ಹೊಡೆದು ಗೆಲ್ಲಿಸಿದ ವಿನಿತ್ ವೆಂಕಟೇಶ್‌ಗೆ ಆಗ 19 ವರ್ಷ, ನಮ್ಮ ಬೆಂಗಳೂರಿನವನೇ. ಆ ಗೋಲಿನ ವಿಡಿಯೋ ನನ್ನ ಮಗ ನನ್ನ ಫೋನಿನಲ್ಲಿ ಎಷ್ಟು ಸಲ ನೋಡಿದ್ದಾನೋ, ಡೇಟಾ ಖಾಲಿ.

ಇಷ್ಟೆಲ್ಲ ತಿಳಿದುಕೊಂಡಿದ್ದೂ ನಾನು ಒಂದು ದಡ್ಡತನ ಮಾಡಿದೆ. ಇದು ಈ ಅಕಾಡೆಮಿಯ ತಪ್ಪಲ್ಲ, ಬೇರೆಯವರದ್ದು, ಆದರೂ ಬರೆಯಲೇಬೇಕು. ಬೆಂಗಳೂರಿನಲ್ಲಿ ಟ್ರಯಲ್ಸ್, ದೊಡ್ಡ ಕ್ಲಬ್ಬಿನ ರಿಸರ್ವ್ ಟೀಮಿಗೆ ಹುಡುಗರನ್ನು ಆರಿಸುತ್ತಾರೆ ಅಂತ ಫೋನಿಗೆ ಒಂದು ಜಾಹೀರಾತು ಬಂತು. ಫೀಸು 3,500. ರಾತ್ರಿ ರೈಲು ಹತ್ತಿ ಇಬ್ಬರೂ ಹೋದೆವು. ಇನ್ನೂರಕ್ಕೂ ಜಾಸ್ತಿ ಹುಡುಗರು, ಅಂಡರ್ 14 ಅಂದರೆ ಕೆಲವರು ಗಡ್ಡ ಬೋಳಿಸಿಕೊಂಡು ಬಂದಿದ್ದರು. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆ ನೋಡಿ ವಯಸ್ಸು ಅಂದಾಜು ಮಾಡುವ ಪರೀಕ್ಷೆ ಇದೆ, ಅದಿರಲಿ, ಇಲ್ಲಿ ಆಧಾರ್ ಕೂಡ ಕೇಳಲಿಲ್ಲ. ಮಗನ ಎದೆಗೆ 147 ಅಂತ ಕಾಗದ ಪಿನ್ ಮಾಡಿದರು. ಎಡಗಡೆ ವಿಂಗ್‌ನಲ್ಲಿ, ಅಂದರೆ ಮುಂದೆ ಆಡುವವನನ್ನು ರೈಟ್ ಬ್ಯಾಕ್, ಅಂದರೆ ಬಲಗಡೆ ಹಿಂದೆ ನಿಲ್ಲಿಸಿದರು. ಹನ್ನೆರಡು ನಿಮಿಷ. ನಾನು ಬೇಲಿ ಹಿಡಿದು ನಿಂತು ಎಣಿಸಿದೆ, ಬಾಲ್ ಅವನ ಕಾಲಿಗೆ ಸಿಕ್ಕಿದ್ದು ನಾಲ್ಕು ಸಲ. ಒಂದು ಥ್ರೋ ಸೇರಿಸಿದರೆ ಐದು. ಪೆನ್ನು ಹಿಡಿದು ಕೂತಿದ್ದ ಮನುಷ್ಯ ಅದರಲ್ಲಿ ಎರಡು ಸಲ ಫೋನ್ ನೋಡುತ್ತಿದ್ದ. ಸ್ಕಾಟ್‌ಲೆಂಡ್‌ನಲ್ಲಿ ಟ್ರಯಲ್ಸಿಗೆ ಬಂದ ಆಟಗಾರನ ಹೆಸರನ್ನು ಟೀಮ್ ಪಟ್ಟಿಯಲ್ಲಿ ಬರೆಯುವುದೇ ಇಲ್ಲ, "ಎ ಟ್ರಯಲಿಸ್ಟ್" ಅಂತ ಹಾಕಿಬಿಡುತ್ತಾರಂತೆ. ಅಲ್ಲಿ ಪಾಪ ಹನ್ನೊಂದರಲ್ಲಿ ಒಬ್ಬನಾಗಿ ಮ್ಯಾಚಾದರೂ ಆಡುತ್ತಾನೆ. ನಮ್ಮವನು ಬರೀ 147.

ನಾಲ್ಕು ದಿನಕ್ಕೆ ಮೇಲ್ ಬಂತು. ಕಂಗ್ರಾಜುಲೇಷನ್ಸ್, ಎರಡನೇ ಸುತ್ತಿಗೆ ಆಯ್ಕೆ, ಕ್ಯಾಂಪಿಗೆ 18,000 ಕಟ್ಟಿ. ಮನೆಯಲ್ಲಿ ಪಾಯಸ ಆಯಿತು. ನಾನು ಕಟ್ಟುವವನಿದ್ದೆ, ನಂಬರ್ ಕೂಡ ಒತ್ತಿದ್ದೆ, ಕೋಚಿಗೆ ಒಂದು ಮಾತು ಹೇಳಿಬಿಡೋಣ ಅಂತ ಫೋನ್ ಮಾಡಿದ್ದೇ ಉಳಿಯಿತು. ಅವರು ನಕ್ಕರು. "ಸರ್, ಸಂತೇಲಿ ಎತ್ತು ಕೊಳ್ಳೋಕೂ ಹಲ್ಲು ನೋಡ್ತೀವಿ, ನಾಕು ಹೆಜ್ಜೆ ನಡೆಸಿ ನೋಡ್ತೀವಿ. ಹನ್ನೆರಡು ನಿಮಿಷದಲ್ಲಿ ಏನು ಕಂಡರಂತೆ? ಮೊದಲು ಆ ಕ್ಲಬ್ಬಿನ ಸ್ವಂತ ಪೇಜಲ್ಲಿ ಇಂಥ ಟ್ರಯಲ್ಸ್ ಇದೆ ಅಂತ ಹಾಕಿದಾರಾ ನೋಡ್ರಿ." ನೋಡಿದೆ. ಇರಲಿಲ್ಲ. ಮಗನಿಗೆ ಹೇಳುವುದು ಹೇಗೆ ಅಂತ ಎರಡು ದಿನ ಒದ್ದಾಡಿದೆ. ಕೊನೆಗೆ ಹೇಳಿದಾಗ ಅವನು, "ನಂಗೆ ಗೊತ್ತಿತ್ತು ಅಪ್ಪಾಜಿ, ನಾನು ಅಷ್ಟು ಚೆನ್ನಾಗಿ ಆಡಿರಲಿಲ್ಲ" ಅಂದ. ಆ 3,500 ಇನ್ನೂ ವಾಪಸ್ ಬಂದಿಲ್ಲ, ಬರುವುದೂ ಇಲ್ಲ ಬಿಡಿ.

ಈಗ ಅಕಾಡೆಮಿ ಮೇಲಿನ ದೂರು. ದೊಡ್ಡದು ರಿಜಿಸ್ಟ್ರೇಷನ್ನಿನದು. ಆಲ್ ಇಂಡಿಯಾ ಫುಟ್ಬಾಲ್ ಫೆಡರೇಷನ್ನಿನ ಸಿಆರ್‌ಎಸ್‌ನಲ್ಲಿ, ಅಂದರೆ ಆಟಗಾರರ ಆನ್‌ಲೈನ್ ದಾಖಲೆಯಲ್ಲಿ, ಹುಡುಗನ ಹೆಸರು ಹತ್ತಿಸಬೇಕು. ಒಂದು ವರ್ಷ "ಮಾಡ್ತೀವಿ ಸರ್" ಅಂತಲೇ ತಳ್ಳಿದರು. ಇದರಲ್ಲಿ ಅವರಿಗೇ ನಷ್ಟ. ಫಿಫಾ ನಿಯಮದ ಪ್ರಕಾರ ಮುಂದೆ ಯಾವನಾದರೂ ಹುಡುಗನನ್ನು ಬೇರೆ ದೇಶದ ಕ್ಲಬ್ ದುಡ್ಡು ಕೊಟ್ಟು ಕೊಂಡರೆ, ಅದರಲ್ಲಿ 5 ಪರ್ಸೆಂಟ್ ಅವನನ್ನು 12ರಿಂದ 23 ವರ್ಷದ ತನಕ ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕು. ದಾಖಲೆಯಲ್ಲಿ ಹೆಸರೇ ಇಲ್ಲದಿದ್ದರೆ ಯಾರಿಗೆ ಕೊಡುತ್ತಾರೆ? ನಮ್ಮ ಹುಡುಗರನ್ನು ಯಾರೋ ವಿದೇಶದವರು ಕೊಳ್ಳುತ್ತಾರೆ ಅಂತಲ್ಲ, ನಗಬೇಡಿ. ಆದರೂ ಕಾಗದ ಪತ್ರ ಸರಿ ಇರಬೇಕಲ್ವಾ. ಕೊನೆಗೆ ನಾಲ್ಕು ಜನ ಪೋಷಕರು ಹೋಗಿ ಕೂತ ಮೇಲೆ ಮಾಡಿಸಿದರು.

ಗೋಲ್‌ಕೀಪರ್‌ಗೆ ಬೇರೆ ಕೋಚ್ ಇಲ್ಲ. ಕೀಪರ್ ಆಗಬೇಕೆನ್ನುವ ಹುಡುಗ ಗೋಡೆಗೆ ಬಾಲ್ ಹೊಡೆದುಕೊಂಡು ಕಲಿಯುತ್ತಿದ್ದಾನೆ. ಬಿ ಟೀಮಿನಲ್ಲಿ ಮೂರು ಹುಡುಗಿಯರಿದ್ದಾರೆ, ಅದರಲ್ಲಿ ಒಬ್ಬಳು ನಮ್ಮವನಿಗಿಂತ ಎಷ್ಟೋ ಚೆನ್ನಾಗಿ ಆಡುತ್ತಾಳೆ, ಅವರಿಗೆ ಬಟ್ಟೆ ಬದಲಿಸಲು ಒಂದು ಜಾಗ ಇಲ್ಲ, ಮನೆಯಿಂದಲೇ ಜೆರ್ಸಿ ಹಾಕಿಕೊಂಡು ಬರಬೇಕು. ತಿಂಗಳಿಗೆ 1,500 ತೆಗೆದುಕೊಳ್ಳುವವರಿಗೆ ಒಂದು ತಗಡಿನ ಶೆಡ್ ಹಾಕಿಸಲು ಆಗುವುದಿಲ್ಲವೇ? ಪರೀಕ್ಷೆ ತಿಂಗಳಲ್ಲಿ ಹುಡುಗರು ಬರದಿದ್ದರೂ ಪೂರ್ತಿ ಫೀಸು. ಮಂಡಿ ಉಳುಕಿದರೆ ಐಸ್ ಇರುವುದಿಲ್ಲ, ಒಂದು ಸಲ ಎದುರಿನ ಅಂಗಡಿಯಿಂದ ಪೆಪ್ಸಿ ಐಸ್ ಪ್ಯಾಕೆಟ್ ತಂದು ಕಾಲಿಗೆ ಇಟ್ಟರು. ಹುಡುಗ ಆಮೇಲೆ ಅದನ್ನೇ ತಿಂದ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅದರಲ್ಲಿ ಎರಡು ಆ ಟೇಪ್ ಸುತ್ತಿದ ನೋಟ್‌ಬುಕ್ಕಿಗೆ. ಸೇರಿಸುವ ಮುಂಚೆ ಒಂದು ಭಾನುವಾರ ಹೋಗಿ ಬಿ ಟೀಮಿನ ಮ್ಯಾಚ್ ನೋಡಿ. ಎ ಟೀಮಿನದಲ್ಲ. ನೀರಿನ ಬಾಟಲಿ ಎರಡು ಕಳಿಸಿ, ಮ್ಯಾಚ್ ಮುಗಿದ ಮೇಲೆ ಬೆಣ್ಣೆ ದೋಸೆಗೆ ಅಂತ ದುಡ್ಡು ಬೇರೆ ಇಟ್ಟುಕೊಳ್ಳಿ, ಅದು ಫೀಸಿಗಿಂತ ಜಾಸ್ತಿ ಆಗುತ್ತದೆ.

ನಮ್ಮವನು ಈಗಲೂ ಬಿ ಟೀಮಿನಲ್ಲೇ ಇದ್ದಾನೆ. ಮುಂದಿನ ಮೂರು ತಿಂಗಳ ಫೀಸು ಮೊನ್ನೆ ಕಟ್ಟಿದೆ. ಜೆರ್ಸಿ ಹೊಟ್ಟೆ ಕಾಣುವಷ್ಟು ಗಿಡ್ಡ ಆಗಿದೆ, ಒಂದು ಸೈಜ್ ದೊಡ್ಡದು ಕೊಡಿ ಅಂತ ಕೇಳಿ ಎರಡು ತಿಂಗಳಾಯಿತು, ಇನ್ನೂ ಕೊಟ್ಟಿಲ್ಲ.