ಧಾರವಾಡದ ಎಂಟಿಟಿ ಪರೀಕ್ಷಾ ಸೇವೆ: ಕೈಕೆಲಸ ಅಚ್ಚುಕಟ್ಟು, ವರದಿ ಅರೆಬರೆ

ಗಿಡಮೂಲಿಕೆಯ ಸಾರ ಸ್ತನ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುತ್ತದೋ ಇಲ್ಲವೋ ಎಂದು, ಬದುಕಿರುವ ಜೀವಕೋಶ ನೇರಳೆ ಮಾಡುವ ಎಂಟಿಟಿ ಎಂಬ ಹಳದಿ ಬಣ್ಣ ಬಳಸಿ, ದುಡ್ಡು ತೆಗೆದುಕೊಂಡು ನೋಡಿಕೊಡುವ ಖಾಸಗಿ ಪ್ರಯೋಗಾಲಯವಿದು. ಬರುವವರು ಬಹುಪಾಲು ಎಂ.ಫಾರ್ಮ್ ಮತ್ತು ಸಸ್ಯಶಾಸ್ತ್ರದ ವಿದ್ಯಾರ್ಥಿಗಳು. ದರ ಸ್ಯಾಂಪಲ್ಲಿಗೆ ಇಷ್ಟು, ಜೀವಕೋಶದ ತಳಿಗೆ ಇಷ್ಟು ಎಂದು ಲೆಕ್ಕ. ಹೀಗಾಗಿ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ತಳಿಯ ಜತೆ ಎಂಡಿಎ-ಎಂಬಿ-231 ಎಂಬ ಇನ್ನೊಂದನ್ನು ಸೇರಿಸಿದರೆ ಬಿಲ್ಲು ಇಮ್ಮಡಿಯಾಗುತ್ತದೆ. ಆದರೂ ಸೇರಿಸುವುದೇ ಒಳ್ಳೆಯದು. ಮೊದಲನೆಯದರಲ್ಲಿ ಈಸ್ಟ್ರೋಜನ್ ಹಾರ್ಮೋನಿನ ಗ್ರಾಹಕವಿದೆ, ಎರಡನೆಯದರಲ್ಲಿ ಇಲ್ಲ. ಸಾರ ಒಂದರಲ್ಲಷ್ಟೇ ಕೆಲಸ ಮಾಡಿದರೆ ಅದೂ ಒಂದು ಸುಳಿವೇ.

ಪ್ಲೇಟ್ ಕೆಲಸಕ್ಕೆ ಹೆಸರಿಡುವಂತಿಲ್ಲ. 96 ಗುಳಿಯ ಪ್ಲೇಟಿನ ಅಂಚಿನ ಸಾಲುಗಳಿಗೆ ಜೀವಕೋಶ ಹಾಕದೆ ಬರೀ ಬಫರ್ ತುಂಬುತ್ತಾರೆ. ಅಂಚಿನಲ್ಲಿ ದ್ರವ ಬೇಗ ಆರಿ ಲೆಕ್ಕ ಕೆಡುವುದು ಇದರಿಂದ ತಪ್ಪುತ್ತದೆ. ಗುಳಿಗೆ ಸುಮಾರು 8,000 ಜೀವಕೋಶ. 24 ತಾಸು ಅಂಟಿಕೊಳ್ಳಲು ಬಿಟ್ಟು, ಆಮೇಲೆ ಸಾರ ಹಾಕಿ 48 ತಾಸು. ಕೊನೆಗೆ ಎಂಟಿಟಿ, 37 ಡಿಗ್ರಿಯಲ್ಲಿ 4 ತಾಸು. ಆಗ ಮೂಡುವ ನೇರಳೆ ಹರಳುಗಳನ್ನು ದ್ರಾವಕವಾದ ಡಿಎಂಎಸ್‌ಒದಲ್ಲಿ ಕರಗಿಸಿ 570 ನ್ಯಾನೋಮೀಟರಿನಲ್ಲಿ ಓದುತ್ತಾರೆ. ಹೋಲಿಕೆಗೆ ಕ್ಯಾನ್ಸರ್ ಔಷಧಿ ಡಾಕ್ಸೋರೂಬಿಸಿನ್ ಇರುತ್ತದೆ. ಜೀವಕೋಶಗಳ ಪ್ಯಾಸೇಜ್ ಸಂಖ್ಯೆಯನ್ನೂ (ಎಷ್ಟು ಸಲ ಹೊಸ ಪಾತ್ರೆಗೆ ಬದಲಿಸಿ ಬೆಳೆಸಿದ್ದೆಂಬ ಲೆಕ್ಕ) ವರದಿಯಲ್ಲಿ ಬರೆಯುತ್ತಾರೆ. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕು ಪರೀಕ್ಷಿಸಿದ ದಿನಾಂಕ ಮಾತ್ರ ಕೇಳಿದರಷ್ಟೇ ಸಿಗುತ್ತದೆ. ಕೇಳಿ.

ತಕರಾರು ಇರುವುದು ಹೋಲಿಕೆಗೆ ಇಡಬೇಕಾದ, ಜೀವಕೋಶವಿಲ್ಲದ ಗುಳಿಗಳ ಬಗ್ಗೆ. ಬದುಕಿರುವ ಜೀವಕೋಶ ಹಳದಿ ಎಂಟಿಟಿಯನ್ನು ನೇರಳೆ ಮಾಡುತ್ತದೆ ಎಂಬುದರ ಮೇಲೆ ಇಡೀ ಪರೀಕ್ಷೆ ನಿಂತಿದೆ. ಆದರೆ ದಾಳಿಂಬೆ ಸಿಪ್ಪೆ, ನೆಲ್ಲಿಕಾಯಿಯಂಥ ಪಾಲಿಫಿನಾಲ್ ತುಂಬಿದ ಸಾರಗಳು ಜೀವಕೋಶವೇ ಇಲ್ಲದೆ ಆ ಕೆಲಸ ಮಾಡಬಲ್ಲವು. ಸತ್ತ ಜೀವಕೋಶಗಳು ಆಗ ಬದುಕಿದಂತೆ ತೋರುತ್ತವೆ. ಗುರುತು ಹಿಡಿಯುವುದು ಸುಲಭ: ಮಿಲಿಲೀಟರಿಗೆ 50, 100 ಮೈಕ್ರೋಗ್ರಾಮಿನವರೆಗೆ ಇಳಿಯುತ್ತ ಬಂದ, ಬದುಕಿದ ಜೀವಕೋಶಗಳ ಪ್ರಮಾಣದ ಗೆರೆ 200ಕ್ಕೆ ಬಂದಾಗ ಮತ್ತೆ ಮೇಲೇಳುತ್ತದೆ. ಜೀವಕೋಶವಿಲ್ಲದೆ ಬರೀ ಸಾರ, ಮೀಡಿಯಾ, ಎಂಟಿಟಿ ಹಾಕಿದ ಗುಳಿಗಳನ್ನು ಪ್ರತಿ ಪ್ರಮಾಣಕ್ಕೂ ಇಟ್ಟರೆ ಸುಳ್ಳು ಬಯಲಾಗುತ್ತದೆ. ಇಲ್ಲಿ ಅದು ಮಾಮೂಲಿ ಪ್ಯಾಕೇಜಿನಲ್ಲಿಲ್ಲ, ಬೇಕೆಂದರೆ ಹೆಚ್ಚಿನ ಹಣ. ಹೆಚ್ಚಿನದೆಂದು ಬಿಡಬಾರದ ಖರ್ಚಿದು. ಸಾರ ತೀರಾ ಕಡುಬಣ್ಣದ್ದಾಗಿದ್ದರೆ ಎಂಟಿಟಿಯ ಗೊಡವೆ ಬಿಟ್ಟು ಎಸ್ಆರ್‌ಬಿ ಪರೀಕ್ಷೆಯನ್ನೇ ಕೇಳಿ. ಅದು ಜೀವಕೋಶದ ಪ್ರೋಟೀನಿಗೆ ಬಣ್ಣ ಹಿಡಿಸಿ ಅಳೆಯುತ್ತದೆ, ಇಂಥ ರಾಸಾಯನಿಕ ಚೇಷ್ಟೆಗೆ ಬಗ್ಗುವುದಿಲ್ಲ.

ವರದಿಯೂ ತೆಳ್ಳಗೆ. ಒಂದು ಕಂಬನಕ್ಷೆ, ಒಂದು ಐಸಿ50 ಅಂಕಿ (ಬದುಕಿದ ಜೀವಕೋಶಗಳನ್ನು ಅರ್ಧಕ್ಕಿಳಿಸುವ ಸಾರದ ಪ್ರಮಾಣ), ಎರಡು ಫೋಟೊ. 200ರವರೆಗೆ ಮಾತ್ರ ಪರೀಕ್ಷಿಸಿ ಐಸಿ50 ಅನ್ನು 312 ಎಂದು ಬರೆದರೆ ಅದು ಅಳತೆಯಲ್ಲ, ಅಂದಾಜು. ‘200ಕ್ಕಿಂತ ಹೆಚ್ಚು’ ಎಂದಿರಬೇಕು. ಒಂದೇ ಪ್ಲೇಟಿನ ಮೂರು ಗುಳಿಗಳನ್ನು ಮೂರು ಪ್ರಯೋಗವೆಂದು ಎಣಿಸುವ ಚಾಳಿಯೂ ಇದೆ. ಬೇರೆ ಬೇರೆ ದಿನ ಮೂರು ಸಲ ಮಾಡಿದರಷ್ಟೇ ಅದು ಮೂರು. ಕಚ್ಚಾ ಅಂಕಿಗಳ ಎಕ್ಸೆಲ್ ಹಾಳೆ ಕೊಡುವುದಾಗಿ ಮೊದಲೇ ಬರೆಸಿಕೊಳ್ಳಿ. ಆರೋಗ್ಯವಂತ ಸ್ತನ ಜೀವಕೋಶ ಎಂಸಿಎಫ್-10ಎ ಇವರಲ್ಲಿಲ್ಲ, ಬದಲಿಗೆ ಇಲಿಯ ಕ್ಯಾನ್ಸರೇತರ ಜೀವಕೋಶದ ತಳಿ ಎಲ್929 ಇದೆ. ಏನೂ ಇಲ್ಲದ್ದಕ್ಕಿಂತ ವಾಸಿ, ಅಷ್ಟೇ. ಎಲ್ಲ ಜೀವಕೋಶದ ಪೊರೆಯನ್ನೂ ಒಡೆಯುವ ಸಪೋನಿನ್ ಇರುವ ಸಾರವಾದರೆ ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ.

ಎಲ್ಲ ತಪ್ಪೂ ಅವರದಲ್ಲ. ಸ್ಯಾಂಪಲ್ ಕೊಡುವವರೇ ಕೆಡಿಸಿ ತರುವುದುಂಟು. ಧಾರವಾಡದ ಆಷಾಢದ ಜಿಟಿಜಿಟಿ ಮಳೆಯಲ್ಲಿ ಎಲೆ ನೆರಳಿಗೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ವಿಷವೇ ಜೀವಕೋಶ ಕೊಂದರೂ ಹೆಸರು ಗಿಡಕ್ಕೆ ಬರುತ್ತದೆ. ಗಾಳಿಯಾಡುವ ಓವನ್ನಿನಲ್ಲಿ 40 ಡಿಗ್ರಿಗೆ ಒಣಗಿಸಿ. ಸಾರ ತೆಗೆಯಲು ಬಳಸಿದ ಮೆಥನಾಲ್ ಅದರಲ್ಲಿ ಉಳಿಯದಂತೆ ರೋಟರಿ ಆವಿಯಂತ್ರದ ನಂತರವೂ ತೂಕ ಬದಲಾಗದೆ ನಿಲ್ಲುವವರೆಗೆ ನಿರ್ವಾತದಲ್ಲಿ ಇಡಿ. ಪ್ರಯೋಗಾಲಯಕ್ಕೆ 100 ಮಿಲಿಗ್ರಾಂ ಒಣ ಸಾರ ಧಾರಾಳವಾಯಿತು. ಡಿಎಂಎಸ್‌ಒದಲ್ಲಿ ಮಿಲಿಲೀಟರಿಗೆ 100 ಮಿಲಿಗ್ರಾಂ ಕರಗಿಸಿದರೆ, 200 ಮೈಕ್ರೋಗ್ರಾಮಿನ ಗುಳಿಯಲ್ಲಿ ಡಿಎಂಎಸ್‌ಒ ಬರೀ ಶೇ. 0.2. ಅದೇ 10 ಮಿಲಿಗ್ರಾಮಿನ ತೆಳು ದ್ರಾವಣ ಕೊಟ್ಟರೆ ಶೇ. 2 ಆಗಿ, ಜೀವಕೋಶಗಳನ್ನು ಡಿಎಂಎಸ್‌ಒ ತಾನೇ ಮುಗಿಸುತ್ತದೆ. ಸೋಸುವುದಾದರೆ 0.22 ಮೈಕ್ರಾನಿನ ಪಿಟಿಎಫ್ಇ ಫಿಲ್ಟರ್. ಸೆಲ್ಯುಲೋಸ್ ಅಸಿಟೇಟ್ ಡಿಎಂಎಸ್‌ಒದಲ್ಲಿ ಕರಗುತ್ತದೆ.

ಇನ್ನೊಂದು: ಗದಗದ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿನ ಗಿಡ ತರಲು ಅರಣ್ಯ ಇಲಾಖೆಯ ಅನುಮತಿ ಬೇಕು. ಇವರ ಕೌಂಟರಿನಲ್ಲಿ ಆ ಕಾಗದವನ್ನೂ ಹರ್ಬೇರಿಯಂ (ಗುರುತಿಗೆ ಒಣಗಿಸಿಟ್ಟ ಗಿಡದ ಮಾದರಿ) ಸಂಖ್ಯೆಯನ್ನೂ ಯಾರೂ ಕೇಳುವುದಿಲ್ಲ, ಜರ್ನಲ್ಲಿನವರು ಕೇಳುತ್ತಾರೆ. ಉಳಿದ ಸಾರವನ್ನು ಚೀಟಿ ಸಮೇತ ವಾಪಸ್ ಇಸಿದುಕೊಂಡು ಮೈನಸ್ 20ರಲ್ಲಿ ಇಟ್ಟುಕೊಳ್ಳಿ. ಮರುಪರೀಕ್ಷೆ ಮಾಡಿ ಎಂದು ವಿಮರ್ಶಕರು ಬರೆದಾಗ ಅದೇ ಬ್ಯಾಚಿನ ಸಾರ ಬೇಕಾಗುತ್ತದೆ.