‘ಲಾರ್ಡ್ ಆಫ್ ದಿ ಫ್ಲೈಸ್’: ಅನ್ಯೋಕ್ತಿಯ ಭಾರ ಹೊತ್ತೂ ಕುಸಿಯದ ಕತೆ

ವಿಲಿಯಂ ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದಿ ಫ್ಲೈಸ್’ ಕಾದಂಬರಿಯನ್ನು ಹಲವು ಪ್ರಕಾಶಕರು ತಿರಸ್ಕರಿಸಿದ ಮೇಲೆ, 1954ರಲ್ಲಿ ಫೇಬರ್ ಅಂಡ್ ಫೇಬರ್ ಸಂಸ್ಥೆ ಪ್ರಕಟಿಸಿತು. ಯುದ್ಧಕಾಲದಲ್ಲಿ ವಿಮಾನ ಉರುಳಿ, ದೊಡ್ಡವರು ಯಾರೂ ಇಲ್ಲದ ಉಷ್ಣವಲಯದ ದ್ವೀಪದಲ್ಲಿ ಸಿಕ್ಕಿಬಿದ್ದ ಇಂಗ್ಲಿಷ್ ಶಾಲಾ ಹುಡುಗರ ಕತೆ ಇದು. ಒಂದನ್ನು ಹೇಳಿ ಇನ್ನೊಂದನ್ನು ಸೂಚಿಸುವ ಅನ್ಯೋಕ್ತಿಯೆಂದೇ ಇದು ಪ್ರಸಿದ್ಧ: ಸಭೆ ಕರೆಯಲು ಊದುವ ಶಂಖವೆಂದರೆ ಪ್ರಜಾಪ್ರಭುತ್ವ, ಪಿಗ್ಗಿ ಎಂಬ ಹುಡುಗನ ಕನ್ನಡಕವೆಂದರೆ ವಿಜ್ಞಾನ, ಸೈಮನ್ ಎಂಬ ಹುಡುಗನೆಂದರೆ ಕ್ರಿಸ್ತ ಎಂಬ ಪಟ್ಟಿ ಇದನ್ನು ಪಠ್ಯವಾಗಿ ಓದಿದವರಿಗೆಲ್ಲ ಬಾಯಿಪಾಠವಾಗಿದೆ. ಪಟ್ಟಿ ತಪ್ಪೆಂದು ಹೇಳಲಾರೆ. ಆದರೆ ಈ ಕೃತಿಯ ಕಸುವು ಇರುವುದು ಆ ವಸ್ತುಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಗಳಿಗೆಗಳಲ್ಲಿ. ರಾಜಕೀಯವೆಂದು ನಾವು ಓದುತ್ತಿದ್ದದ್ದು ನೋಡನೋಡುತ್ತಲೇ ಧಾರ್ಮಿಕವಾಗಿಬಿಡುವ ಆ ತಿರುವುಗಳಲ್ಲಿ.

ಮೊದಲ ಅಧ್ಯಾಯದ ಚುನಾವಣೆಯನ್ನೇ ನೋಡಬಹುದು. ಬಿಸಿಲಿನಲ್ಲಿ ಕಪ್ಪು ನಿಲುವಂಗಿ ತೊಟ್ಟು ಎರಡು ಸಾಲಾಗಿ ನಡೆದುಬರುವ ಚರ್ಚಿನ ಗಾಯಕವೃಂದದ ಮುಂದಾಳು ಜ್ಯಾಕ್, ನಾಯಕತ್ವಕ್ಕೆ ತನಗಿರುವ ಅರ್ಹತೆಗಳಲ್ಲಿ ಒಂದಾಗಿ, ಸಂಗೀತದ ಎತ್ತರದ ಸ್ವರವೊಂದನ್ನು ತಾನು ಹಾಡಬಲ್ಲೆನೆಂದು ಹೇಳಿಕೊಳ್ಳುತ್ತಾನೆ. ಹುಡುಗರು ಶಂಖ ಊದಿದ ರಾಲ್ಫ್‌ನನ್ನು ಆರಿಸುತ್ತಾರೆ. ಸೋತವನ ಮುಖ ಕೆಂಪಾದದ್ದನ್ನು ಕಂಡು ಏನಾದರೂ ಕೊಡಬೇಕೆನ್ನಿಸಿ, ಗಾಯಕವೃಂದ ನಿನಗೇ ಸೇರಿದ್ದು ಎಂದು ರಾಲ್ಫ್ ಹೇಳುತ್ತಾನೆ. ಅವರು ಸೈನ್ಯವಾಗಬಹುದು, ಇಲ್ಲವೇ ಬೇಟೆಗಾರರಾಗಬಹುದು ಎಂಬ ಸಲಹೆಗಳೂ ಅಲ್ಲೇ ಬರುತ್ತವೆ. ಹೀಗೆ ಆ ಪುಟ್ಟ ಪ್ರಜಾಪ್ರಭುತ್ವವು ಹುಟ್ಟಿದ ದಿನವೇ, ಬರೀ ಸೌಜನ್ಯದಿಂದ, ಶಸ್ತ್ರಬಲವನ್ನು ಎದುರಾಳಿಯ ಕೈಗೆ ಒಪ್ಪಿಸಿಬಿಡುತ್ತದೆ. ಫ್ಯಾಸಿಸಂ ಬಗೆಗಿನ ಎಷ್ಟೋ ದೀರ್ಘ ಪ್ರಬಂಧಗಳಲ್ಲಿ ಸಿಗದ ತಿಳಿವಳಿಕೆ ಈ ಚಿಕ್ಕ ಪ್ರಸಂಗದಲ್ಲಿದೆ. ಪ್ರಾರ್ಥನೆಯ ಹಾಡು ಹಾಡುತ್ತಿದ್ದವರೇ ಮುಂದೆ ಕೊಲ್ಲುವ ಹಾಡು ಕಟ್ಟುತ್ತಾರೆ ಎಂಬುದನ್ನು ಗೋಲ್ಡಿಂಗ್ ಎಲ್ಲಿಯೂ ಬೊಟ್ಟು ಮಾಡಿ ತೋರಿಸುವುದಿಲ್ಲ.

ಸಾಮಾಜಿಕ ನೆಲೆಯನ್ನು ವಿಮರ್ಶಕರು ಸಾಮಾನ್ಯವಾಗಿ ಬೇಗ ದಾಟಿಹೋಗುತ್ತಾರೆ. ಪಿಗ್ಗಿ ದಪ್ಪಗಿದ್ದಾನೆ, ಆಸ್ತಮಾ ರೋಗಿ, ಚಿಕ್ಕಮ್ಮನ ಆಶ್ರಯದಲ್ಲಿ ಬೆಳೆದವನು, ಅವನ ಮಾತಿನಲ್ಲಿ ಕೆಳವರ್ಗದ ಇಂಗ್ಲಿಷಿನ ಧಾಟಿಯಿದೆ. ಅವನ ನಿಜವಾದ ಹೆಸರು ಏನೆಂದು ಯಾರೂ ಕೇಳುವುದಿಲ್ಲ, ಓದುಗನಿಗೂ ಕೊನೆಯವರೆಗೆ ತಿಳಿಯುವುದಿಲ್ಲ. ದ್ವೀಪದಲ್ಲಿ ಎಲ್ಲ ನಿಯಮಗಳೂ ಕಳಚಿಬಿದ್ದರೂ ಇಂಗ್ಲೆಂಡಿನ ವರ್ಗಭೇದ ಮಾತ್ರ ಒಂದು ದಿನವೂ ಕಳಚುವುದಿಲ್ಲ. ಬೇರೆಯಾಗಿ ಹೋದ ಜ್ಯಾಕ್‌ನ ಗುಂಪು ಬೆಂಕಿ ಹೊತ್ತಿಸಲು ಬೇಕಾದ ಪಿಗ್ಗಿಯ ಕನ್ನಡಕವನ್ನು ಕದಿಯುವ ರಾತ್ರಿ, ದಾಳಿಗೆ ಬಂದವರು ಶಂಖಕ್ಕಾಗಿ ಬಂದರೆಂದೇ ಪಿಗ್ಗಿ ನಂಬಿರುತ್ತಾನೆ. ಶಂಖ ಇದ್ದಲ್ಲೇ ಇದೆ. ಅದನ್ನು ಕಸಿದುಕೊಳ್ಳುವ ಅಗತ್ಯವೇ ಜ್ಯಾಕ್‌ನ ಗುಂಪಿಗೆ ಉಳಿದಿಲ್ಲವೆಂಬುದು ರಾಜಕೀಯವಾಗಿ ಈ ಪುಸ್ತಕದ ಅತ್ಯಂತ ನಿರ್ದಯ ಸಂಗತಿ.

ಇಷ್ಟಾದರೂ ನನ್ನ ದೃಷ್ಟಿಯಲ್ಲಿ ಕಾದಂಬರಿಯ ಬುಡ ಇರುವುದು ಧಾರ್ಮಿಕ ನೆಲೆಯಲ್ಲಿ. ಬೈಬಲಿನಲ್ಲಿ ಬರುವ, ‘ನೊಣಗಳ ಒಡೆಯ’ ಎಂಬ ಅರ್ಥದ, ಬೆಲ್ಜೆಬೂಬ ಎಂಬ ದೆವ್ವದ ಹೆಸರಿನಿಂದಲೇ ಶೀರ್ಷಿಕೆ ಹುಟ್ಟಿದೆ. ಗೊತ್ತಿಲ್ಲದ ಮೃಗವೊಂದಕ್ಕೆ ಹೆದರಿದ ಹುಡುಗರು, ತಾವು ಕೊಂದ ಹೆಣ್ಣುಹಂದಿಯ ತಲೆಯನ್ನು ಎರಡೂ ತುದಿ ಚೂಪು ಮಾಡಿದ ಕೋಲಿಗೆ ಸಿಕ್ಕಿಸಿ, ಆ ಮೃಗಕ್ಕೆ ಕಾಣಿಕೆಯೆಂದು ನೆಟ್ಟು ಓಡುತ್ತಾರೆ. ಆ ಮೃಗ ಬಹುಶಃ ನಾವೇ ಇರಬಹುದೆಂದು ಸಭೆಯಲ್ಲಿ ತೊದಲಿದ್ದ ಸೈಮನ್, ಬೆಟ್ಟದ ಮೇಲೆ ಹೋಗಿ, ಅದು ಪ್ಯಾರಾಚೂಟಿಗೆ ಸಿಕ್ಕಿಕೊಂಡ ಸತ್ತ ಸೈನಿಕನೆಂದು ಕಂಡು, ಹಗ್ಗಗಳನ್ನು ಬಿಡಿಸಿ, ಆ ಸತ್ಯವನ್ನು ಹೇಳಲು ಬಿರುಗಾಳಿಯಲ್ಲಿ ಕೆಳಗಿಳಿದು ಬಂದಾಗ, ಕುಣಿಯುತ್ತಿದ್ದ ಗುಂಪು ಅವನನ್ನೇ ಮೃಗವೆಂದು ಕೊಂದುಹಾಕುತ್ತದೆ. ಆ ವೃತ್ತದಲ್ಲಿ ರಾಲ್ಫ್ ಮತ್ತು ಪಿಗ್ಗಿ ಕೂಡ ಇದ್ದರು. ಒಳ್ಳೆಯವರ ಪಕ್ಷವೆಂದು ನಾವು ನಂಬಿದ್ದ ಪಕ್ಷಕ್ಕೂ ಕೈ ತೊಳೆದುಕೊಳ್ಳಲು ಗೋಲ್ಡಿಂಗ್ ಅವಕಾಶ ಕೊಡುವುದಿಲ್ಲ. ಮನುಷ್ಯ ಹುಟ್ಟುವಾಗಲೇ ಪಾಪ ಹೊತ್ತಿರುತ್ತಾನೆಂಬ ‘ಮೂಲ ಪಾಪ’ದ ಕ್ರೈಸ್ತ ಕಲ್ಪನೆ ಇಲ್ಲಿ ಉಪದೇಶವಾಗದೆ ಘಟನೆಯಾಗಿ ನಿಲ್ಲುತ್ತದೆ. ಮುಂದೆ ರಾಲ್ಫ್ ಬೇಟೆಯಾಗುವ ಹೊತ್ತಿಗೆ, ಜ್ಯಾಕ್‌ನ ಗುಂಪಿನ ರೋಜರ್ ಮತ್ತೆ ಒಂದು ಕೋಲಿನ ಎರಡೂ ತುದಿಗಳನ್ನು ಚೂಪು ಮಾಡಿದ್ದಾನೆಂಬ ಸುದ್ದಿ ಬರುತ್ತದೆ. ಅದರ ಅರ್ಥ ರಾಲ್ಫ್‌ಗೆ ಹೊಳೆಯುವುದಿಲ್ಲ, ಓದುಗನಿಗೆ ಹೊಳೆಯುತ್ತದೆ. ಮೃಗಕ್ಕೆ ಹಂದಿಯ ತಲೆ ಕೊಟ್ಟ ಭಕ್ತಿಯು ಮನುಷ್ಯನ ತಲೆ ಕೊಡುವ ರಾಜ್ಯಾಡಳಿತವಾಗಿ ಬದಲಾಗಿರುವುದನ್ನು ಆ ಒಂದು ಕೋಲು ಹೇಳಿಬಿಡುತ್ತದೆ.

ಹಸ್ತಪ್ರತಿಯಲ್ಲಿ ಸೈಮನ್‌ನ ದೈವಿಕತೆ ಇನ್ನೂ ಢಾಳಾಗಿತ್ತು; ಸಂಪಾದಕ ಚಾರ್ಲ್ಸ್ ಮಾಂಟೀತ್ ಅವರ ಸಲಹೆಯಂತೆ ಗೋಲ್ಡಿಂಗ್ ಅದನ್ನು ತಗ್ಗಿಸಿದರು. ಈ ಸಂಯಮವೇ ಪಾತ್ರವನ್ನು ಉಳಿಸಿದೆ. ಪುಟಾಣಿಗಳ ಕೈಗೆಟುಕದ ಹಣ್ಣುಗಳನ್ನು ಕಿತ್ತುಕೊಡುವ, ಆಗಾಗ ಮೂರ್ಛೆ ಹೋಗುವ, ಮಾತಿಗೆ ತಡವರಿಸುವ ಹುಡುಗನಾಗಿ ಅವನು ಮೊದಲು ಜೀವಂತನಾಗುತ್ತಾನೆ, ಆಮೇಲೆ ಸಂಕೇತವಾಗುತ್ತಾನೆ.

ದೋಷಗಳೂ ಇವೆ. ಸಮೀಪದೃಷ್ಟಿಯುಳ್ಳ ಪಿಗ್ಗಿಯ ನಿಮ್ನ ಮಸೂರದಿಂದ ಸೂರ್ಯನ ಕಿರಣಗಳನ್ನು ಒಂದೆಡೆ ಸೇರಿಸಿ ಬೆಂಕಿ ಹೊತ್ತಿಸಲು ಸಾಧ್ಯವಿಲ್ಲ. ವಿಜ್ಞಾನದ ಸಂಕೇತವೇ ವಿಜ್ಞಾನಕ್ಕೆ ಹೊಂದದಿರುವುದು ಸಣ್ಣ ಎಡವಟ್ಟು. ಅದಕ್ಕಿಂತ ಗಂಭೀರವಾದದ್ದು, ಮುಖಕ್ಕೆ ಬಣ್ಣ ಬಳಿದುಕೊಂಡವರು ಅನಾಗರಿಕರು ಎಂಬ ವಸಾಹತುಶಾಹಿ ಚಿತ್ರವನ್ನು ಲೇಖಕರು ಹಿಂಸೆಯನ್ನು ಸೂಚಿಸಲು ಸಲೀಸಾಗಿ ಬಳಸಿಕೊಂಡಿರುವುದು. ಬ್ರಿಟಿಷ್ ಹುಡುಗರ ದ್ವೀಪಸಾಹಸವನ್ನು ಹೇಳುವ 1857ರ ‘ದಿ ಕೋರಲ್ ಐಲ್ಯಾಂಡ್’ ಕಾದಂಬರಿಯ ಬ್ರಿಟಿಷ್ ಹೆಮ್ಮೆಗೆ ಉತ್ತರವಾಗಿ ಬರೆದ ಕೃತಿಯೇ ಆ ಹೆಮ್ಮೆಯ ಪದಕೋಶವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿಲ್ಲ. ಕೊನೆಯಲ್ಲಿ ಬರುವ ನೌಕಾಧಿಕಾರಿಯ ಯುದ್ಧನೌಕೆ ಈ ಲೆಕ್ಕವನ್ನು ಸ್ವಲ್ಪ ಸರಿದೂಗಿಸುತ್ತದೆ: ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿದ್ದು ನಾರ್ಮಂಡಿಯ ದಾಳಿಯಲ್ಲಿ ಭಾಗವಹಿಸಿದ್ದ ಲೇಖಕರಿಗೆ, ಸಮವಸ್ತ್ರದ ಹಿಂಸೆ ಬಣ್ಣದ ಹಿಂಸೆಗಿಂತ ಕಡಿಮೆಯದೇನಲ್ಲವೆಂದು ಚೆನ್ನಾಗಿ ಗೊತ್ತಿತ್ತು. ರಕ್ಷಣೆಗೆಂದು ಹಚ್ಚಿದ ಬೆಂಕಿಗೆ ಯಾವ ಹಡಗೂ ಬರಲಿಲ್ಲ, ರಾಲ್ಫ್‌ನನ್ನು ಕೊಲ್ಲಲು ಹಚ್ಚಿದ ಬೆಂಕಿ ಹಡಗನ್ನು ಕರೆತಂದಿತು ಎಂಬ ಮುಕ್ತಾಯವನ್ನು ಕೆಲವರು ಕೃತಕವೆನ್ನುತ್ತಾರೆ. ನನಗೆ ಅದು ಇಡೀ ಕಾದಂಬರಿಯ ತರ್ಕಕ್ಕೆ ಒಪ್ಪುವ ಅಂತ್ಯವೆಂದೇ ತೋರುತ್ತದೆ.

ಹಂದಿಬೇಟೆಯ ಮತ್ತು ಕೊಲೆಯ ವಿವರಗಳು ಕಠೋರವಾಗಿರುವುದರಿಂದ, ಪಾತ್ರಗಳು ಮಕ್ಕಳೆಂದ ಮಾತ್ರಕ್ಕೆ ಇದನ್ನು ತೀರ ಚಿಕ್ಕವರ ಕೈಗೆ ಕೊಡಬಾರದು. ಹದಿಹರೆಯದವರಿಗೂ ದೊಡ್ಡವರಿಗೂ ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಮೊದಲ ಓದಿಗೆ ಟಿಪ್ಪಣಿಗಳಿರುವ ಶಾಲಾ ಆವೃತ್ತಿಯನ್ನು ಬಿಟ್ಟು ಬರಿಯ ಪಠ್ಯವಿರುವ ಪ್ರತಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಸಂಕೇತಗಳ ಪಟ್ಟಿ ಮೊದಲೇ ಕಣ್ಣಿಗೆ ಬಿದ್ದರೆ ಆ ಎರಡನೆಯ ಕೋಲು ಓದುಗನ ಗಮನಕ್ಕೇ ಬಾರದೆ ಹೋಗಬಹುದು.