ಮಳೆಗಾಲದಲ್ಲಿ ಹಾಡು ರೆಕಾರ್ಡ್ ಮಾಡೋಕೆ ಮೈಕ್ ತರಿಸುವ ಮುಂಚೆ ಇದನ್ನೊಮ್ಮೆ ಓದಿ

ನಮ್ಮ ಮನೆ ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ. ಹೆಂಚಿನ ಮಾಡು, ಅಂಗಳಕ್ಕೆ ತಗಡಿನ ಶೀಟು. ಹೋದ ಜೂನ್‌ನಲ್ಲಿ ಭಾವಗೀತೆ ಹಾಡಿ ಹಾಕೋಣ ಅಂತ ಆನ್‌ಲೈನಿನಲ್ಲಿ ಒಂದು 'ಸ್ಟುಡಿಯೋ ಕಿಟ್' ತರಿಸಿದೆ. ಸ್ಟುಡಿಯೋಗಳಲ್ಲಿ ಬಳಸುವ ಬಗೆಯ ಕಂಡೆನ್ಸರ್ ಮೈಕು, ಸ್ಟ್ಯಾಂಡು, ಬಾಯಿಯ ಗಾಳಿ ಮೈಕಿಗೆ ಬಡಿಯದಂತೆ ತಡೆಯುವ ಪಾಪ್ ಫಿಲ್ಟರ್, ಬೆರಳುದ್ದದ ಯುಎಸ್‌ಬಿ ಸೌಂಡ್ ಕಾರ್ಡು, ಎಲ್ಲ ಸೇರಿ ಎರಡೂವರೆ ಸಾವಿರ.

ಹಾಡಿ ಕೇಳಿದರೆ ನನ್ನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಮೇಲೆ ಒಂದೇ ಸಮ 'ಸೊಂಯ್'. ಮಾರಿದವರಿಗೆ ಫೋನ್ ಮಾಡಿದೆ. "ಗೇನ್ ಜಾಸ್ತಿ ಮಾಡಿ ಸರ್" ಅಂದರು, ಅಂದರೆ ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ. ಮಾಡಿದೆ, ಸೊಂಯ್ ಕೂಡ ಜಾಸ್ತಿ ಆಯ್ತು. ಕೊನೆಗೆ ಶಿವಮೊಗ್ಗದಲ್ಲಿ ಮೈಕ್ ಸೆಟ್ ಹಾಕುವ ಗೆಳೆಯನಿಗೆ ತೋರಿಸಿದೆ. ವೈರ್ ನೋಡಿ ನಕ್ಕ. "ಮಾರಾಯ, ಇದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು, ಅಂದ್ರೆ ಮೈಕಿನ ವೈರಿನಲ್ಲೇ ಹೋಗೋ ಕರೆಂಟು. ಯುಎಸ್‌ಬಿಯಲ್ಲಿ ಬರೋದೇ 5. ಹುಲ್ಲು ಹಾಕದೆ ಹೂಡು ಅಂದ್ರೆ ಎತ್ತು ಹೂಡುತ್ತಾ?" ಡಬ್ಬದ ಮೇಲೇ ಬರೆದಿತ್ತು, ನಾನೇ ಓದಿರಲಿಲ್ಲ. ನೀವು ಕಿಟ್ ಕೊಳ್ಳುವುದಾದರೆ, ಆ 48 ವೋಲ್ಟ್ ಎಲ್ಲಿಂದ ಬರುತ್ತೆ ಅಂತ ಮೊದಲು ಕೇಳಿ.

ಕಿಟ್‌ನ ಎರಡರಷ್ಟು ದುಡ್ಡು ಕೊಟ್ಟು ಆಡಿಯೋ ಇಂಟರ್‌ಫೇಸ್ ತಂದೆ, ಮೈಕಿಗೆ ಆ 48 ವೋಲ್ಟ್ ಕೊಟ್ಟು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ. ಸೊಂಯ್ ಹೋಯ್ತು, ಈಗ ಮಳೆ ಕೇಳಿಸತೊಡಗಿತು! ಕಂಡೆನ್ಸರ್ ಕಿವಿ ಬಹಳ ಚುರುಕು. ಶೀಟಿನ ಮೇಲಿನ ಹನಿ, ಜೀರುಂಡೆ, ಒಳಗೆ ಅಜ್ಜಿಯ ಕೆಮ್ಮು, ಒಂದನ್ನೂ ಬಿಡಲಿಲ್ಲ. ಯಾರೋ ಹೇಳಿದರು ಅಂತ ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದೆ. ಅದರಿಂದ ಕೋಣೆಯೊಳಗಿನ ಮಾರ್ದನಿ ಒಂಚೂರು ತಗ್ಗಬಹುದು ಅಷ್ಟೇ. ಹೊರಗಿನ ಸದ್ದು ತಡೆಯೋಕೆ ಗೋಡೆಯಂಥ ಭಾರ ಬೇಕು, ರಟ್ಟು ಏನು ತಡೆಯುತ್ತೆ? ಹದಿನೈದು ದಿನಕ್ಕೆ ಟ್ರೇಗೆಲ್ಲ ಬೂಸಲು ಹಿಡಿಯಿತು. ಅಮ್ಮ ಕಿತ್ತು ಬಚ್ಚಲ ಒಲೆಗೆ ಹಾಕಿದರು.

ಆಗಸ್ಟ್‌ನಲ್ಲಿ ಮೈಕು ಚಟಚಟ ಅನ್ನೋಕೆ ಶುರು. ಮಳೆಗಾಲದ ತೇವ ಒಳಗೆ ಕೂತಿತ್ತು. ಸ್ಟ್ಯಾಂಡಿನಲ್ಲೇ ಬಿಟ್ಟಿದ್ದೆ, ನನ್ನದೇ ತಪ್ಪು. ಕಂಡೆನ್ಸರ್ ಇಟ್ಟುಕೊಂಡವರು ಹಾಡಿದ ಕೂಡಲೇ ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಈಗ ಗೆಳೆಯನ ಹಳೇ ಡೈನಾಮಿಕ್ ಮೈಕಿನಲ್ಲಿ ಹಾಡುತ್ತೇನೆ. ವೇದಿಕೆಯಲ್ಲಿ ಹಿಡಿದು ಹಾಡ್ತಾರಲ್ಲ, ಅಂಥದ್ದು. ಫ್ಯಾಂಟಮ್ ಪವರ್ ಬೇಡ, ಆದರೆ ಗೇನ್ ಜಾಸ್ತಿ ಕೇಳುತ್ತೆ, ಹಾಗಾಗಿ ಇಂಟರ್‌ಫೇಸ್ ದಂಡವಾಗಲಿಲ್ಲ. ಬಾಯಿಂದ ನಾಲ್ಕು ಬೆರಳು ದೂರದಲ್ಲಿಟ್ಟು, ಬೆನ್ನ ಹಿಂದೆ ಎರಡು ಕಂಬಳಿ ತೂಗುಹಾಕುತ್ತೇನೆ. ನಮ್ಮ ಹಳೇ ವೈರಿಂಗಿಗೆ ಅರ್ಥಿಂಗ್ ಇಲ್ಲ, ಲ್ಯಾಪ್‌ಟಾಪ್ ಚಾರ್ಜರ್ ಹಾಕಿದರೆ ಗುಂಯ್ ಅನ್ನುತ್ತೆ. ಅದನ್ನು ಕಿತ್ತಿಟ್ಟು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡುತ್ತೇನೆ. ಇಷ್ಟಾದರೂ ಜಡಿಮಳೆ ಹಿಡಿದ ದಿನ ಹಾಡೋದಿಲ್ಲ.

ಕಂಡೆನ್ಸರ್ ಡಬ್ಬದಲ್ಲಿದೆ. ಅಡಿಕೆ ಒಣಗುವ ಹೊತ್ತಿಗೆ ತೆಗೆದು ನೋಡಬೇಕು.